ಸವಳು ಹೊಲದಾಗ ಬಸಿ ಪೈಪ್ ಹಾಕಿ ಭತ್ತ ತೆಗೆದಿದ್ದು: ನನ್ನ ಅನುಭವ

ಎರೆ (ಕಪ್ಪು ಮಣ್ಣಿನ) ಹೊಲಕ್ಕ ಒಳಗ ಪೈಪ್ ಹಾಕಿದ್ರ ನೀರು ಬಸಿಯಂಗಿಲ್ಲ, ದುಡ್ಡು ಮಣ್ಣುಪಾಲು ಅನ್ನೋರು ಕೊಪ್ಪಳ ಜಿಲ್ಲೆಯ ನಮ್ಮ ಕಾರಟಗಿ ಕಡೆ ಇನ್ನೂ ಬಾಳ ಮಂದಿ ಅದಾರ. ನಮ್ಮ ಕಾಕಾನೂ ಹಂಗ ಅಂದಿದ್ರು, ದಲಾಲಿ ಅಂಗಡಿ ಸಾಹುಕಾರ್ರೂ ಹಂಗ ಅಂದಿದ್ರು. ಪೈಪ್ ಹಾಕಿದ ಮ್ಯಾಲೆ ನಮ್ಮ ಆರೆಕರೆ ಸವಳು (ಉಪ್ಪೇರಿದ) ಹೊಲದಾಗ ಈಗ ಎಕರೆಗೆ ಮೂವತ್ತೈದರ ಆಸುಪಾಸು ಚೀಲ ಬರಾಕತ್ತೈತಿ, 75 ಕೆಜಿ ಚೀಲದ ಲೆಕ್ಕ. ಮುಂಚೆ ಎಂಟು ಚೀಲ ಬಂದ್ರ ದೊಡ್ಡದು, ಒಂದೊಂದು ಮಡಿಯೊಳಗ ಹಚ್ಚಿದ ಸಸಿನೂ ಮ್ಯಾಲೆ ಏಳ್ತಿರಲಿಲ್ಲ. ಲೀಸಿಗೆ ಕೊಡ್ತೀನಂದ್ರೂ ಯಾರೂ ತಗೊಳ್ತಿರಲಿಲ್ಲ.

ಹೊಲ ಹಿಂಗ್ಯಾಕ ಆತು ಅನ್ನೋದು ಎಲ್ಲರಿಗೂ ಗೊತ್ತಿದ್ದದ್ದೇ, ಆದ್ರೂ ಒಂದು ಮಾತು ಹೇಳಬೇಕು. ನಮ್ಮಜ್ಜನ ಕಾಲಕ್ಕ ಇದು ಬಿಳಿಜೋಳ, ಹತ್ತಿ ಬೆಳೆಯೋ ಮಳೆ ಹೊಲ. 1945ರಾಗ ತುಂಗಭದ್ರಾ ಡ್ಯಾಮಿಗೆ ಅಡಿಗಲ್ಲು ಹಾಕಿದ್ರು, 1953ಕ್ಕ ನೀರು ಬಂತು. ಎಡದಂಡೆ ಕಾಲುವೆ 227 ಕಿಲೋಮೀಟರ್ ಐತಿ, ಅದರ ಪ್ಲಾನಿನಾಗ ಬಾಳ ಹೊಲಕ್ಕ ಬರೆದದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ, ಭತ್ತಕ್ಕ ಇಟ್ಟದ್ದು ಸಣ್ಣ ಪಾಲು. ಮುಂದೆ ಆಂಧ್ರದಿಂದ ಮಂದಿ ಬಂದು ಕ್ಯಾಂಪ್ (ಹೊಸ ಊರು) ಕಟ್ಟಿದ್ರು, ನೆಲ ಸಮ ಮಾಡಿ ಮಡಿ ಕಟ್ಟಿ ಭತ್ತ ಹಚ್ಚೋದನ್ನ ನಾವೂ ಅವರನ್ನ ನೋಡೇ ಕಲಿತ್ವಿ, ದುಡಿಮೆಯೊಳಗ ಅವರನ್ನ ಮೀರಿಸೋರಿಲ್ಲ, ಅದು ಖರೆ. ಮೇಲ್ಭಾಗದವರೆಲ್ಲ ಎರಡೂ ಬೆಳೆ ಭತ್ತಕ್ಕ ನಿಂತ್ರು, ಕೊನೆ ಭಾಗದವರಿಗೆ ನೀರಿಲ್ಲ, ನಡುವಿನ ತಗ್ಗಿನ ಹೊಲದವರಿಗೆ ಕಾಲುವೆ ನೀರು, ಮೇಲಿನವರ ಗದ್ದೆ ಸೋಸು ನೀರು ಎರಡೂ. ತಳದ ನೀರು ಮ್ಯಾಲೆ ಮ್ಯಾಲೆ ಬಂತು, ಬ್ಯಾಸಿಗಿಯಾಗ ಬಿಸಿಲಿಗೆ ನೀರು ಆರಿ ಉಪ್ಪು ಮ್ಯಾಲೆ ಉಳೀತು. ಕೊಪ್ಪಳ, ರಾಯಚೂರು, ಬಳ್ಳಾರಿ ಸೇರಿ ತೊಂಬತ್ತು ಸಾವಿರ ಹೆಕ್ಟೇರಿಗೂ ಮ್ಯಾಲೆ ಸವಳು-ಜವಳು (ಉಪ್ಪೇರಿದ್ದು, ನೀರು ನಿಂತದ್ದು) ಆಗೈತಿ ಅಂತ ಲೆಕ್ಕ ಹೇಳ್ತಾರ.

ಮೊದಲು ಮಾಡಿದ್ದು ಜಿಪ್ಸಮ್. ಎಲ್ಲರೂ ಅದನ್ನೇ ಹೇಳೋದು, ಅಂಗಡಿಯವರಂತೂ ಕೇಳಬ್ಯಾಡ್ರಿ. ಎಕರೆಗೆ ಎರಡು ಟನ್ ಹತ್ರ ಹಾಕಿಸಿದ್ದು, ಲಾರಿ ಬಾಡಿಗೆ, ಕೂಲಿ ಎಲ್ಲ ಸೇರಿ ನಲವತ್ತು ಸಾವಿರದ ಮ್ಯಾಲೆ ಹೋಗಿರಬೇಕು. ಒಂದು ಚೀಲ ಇಳುವರಿ ಏರಲಿಲ್ಲ. ಆಮೇಲೆ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರಕ್ಕ ಮಣ್ಣು ಒಯ್ದೆ, ಬರೀ ಮ್ಯಾಲಿನ ಮಣ್ಣಲ್ಲ, ಅರ್ಧ ಅಡಿ, ಒಂದಡಿ, ಎರಡಡಿ ಅಂತ ಬ್ಯಾರೆ ಬ್ಯಾರೆ ಚೀಟಿ ಬರೆದು. ಇಸಿ (ಉಪ್ಪಿನ ಅಳತೆ) ಒಂಬತ್ತು-ಹತ್ತು ಬಂತು, ಪಿಎಚ್ (ಹುಳಿ-ಕ್ಷಾರದ ಅಳತೆ) ಎಂಟರ ಚೂರು ಮ್ಯಾಲೆ. ಅಂದ್ರ ಇದು ಉಪ್ಪಿನ ರೋಗ, ಕ್ಷಾರದ್ದಲ್ಲ. ಸೋಡಿಯಂ ಹಿಡಿದು ಮಣ್ಣು ಬಿಗಿದ ಹೊಲಕ್ಕ, ಪಿಎಚ್ ಎಂಟೂವರೆ ದಾಟಿದ ಕರ್ಲು ಹೊಲಕ್ಕ ಜಿಪ್ಸಮ್ ಬೇಕು, ನಮ್ಮಂಥ ಹೊಲಕ್ಕ ಅದನ್ನ ಹಾಕಿದ್ರ ಉಪ್ಪಿನ ಮ್ಯಾಲೆ ಇನ್ನೊಂದು ಉಪ್ಪು ಸುರುವಿದಂಗ. ಪಿಎಚ್ ನೋಡದ ಜಿಪ್ಸಮ್ ಲೋಡ್ ಇಳಿಸಾಕ ಹೋಗಬ್ಯಾಡ್ರಿ ಅಂತ ಕೈ ಮುಗಿದು ಹೇಳ್ತೀನಿ, ನಮ್ಮ ಊರಾಗ ಇವತ್ತಿಗೂ ಇಳಿಸಾಕತ್ತಾರ.

ಆಮೇಲೆ ಮ್ಯಾಲಿನ ಬಿಳಿ ಪದರ ಟ್ರ್ಯಾಕ್ಟರಿಂದ ಕೆರೆದು ಹೊರಗ ಹಾಕಿಸಿದ್ವಿ, ಒಂದು ಬ್ಯಾಸಿಗಿ ಕಳೆಯೋದ್ರೊಳಗ ಮತ್ತ ಅಷ್ಟೇ ಬೆಳ್ಳಗ. ನೀರು ನಿಲ್ಲಿಸಿ ತೊಳೆಯೋದೂ ಆತು, ಕೆಳಗ ಹೋಗಾಕ ದಾರಿ ಇಲ್ಲದ ಎಷ್ಟು ನಿಲ್ಲಿಸಿದ್ರೂ ತಳದ ನೀರೇ ಇನ್ನಷ್ಟು ಮ್ಯಾಲೆ ಬರೋದು. ಜೆಸಿಬಿ ತರಿಸಿ ತೆರೆದ ಬಸಿಗಾಲುವೆ ತೋಡಿಸಿದ್ವಿ, ಮೊದಲ ವರ್ಷ ಚೊಲೋ ಇತ್ತು, ನೀರು ಹರೀತಿತ್ತು, ಮರು ಮಳೆಗೆ ಎರೆ ದಂಡೆ ಕುಸೀತು, ಒಳಗ ಜೊಂಡು, ದಂಡೆ ಮ್ಯಾಲೆ ಬಳ್ಳಾರಿ ಜಾಲಿ, ಆ ಜಾಲಿ ಕಡಿಸೋದೇ ವರ್ಷಾ ಒಂದು ಖರ್ಚು, ಮ್ಯಾಲಿಂದ ಕಾಲುವೆ ಸಲುವಾಗಿ ಹೋದ ಜಾಗ ಬ್ಯಾರೆ.

ಈ ನಡುವೆ ಆನೆಗೊಂದಿ ಕಡೆ ನೆಂಟರ ಊರಿಗೆ ಹೋಗೋದು ಬರೋದು ಇತ್ತು. ಅಲ್ಲಿ ವಿಜಯನಗರದ ಕಾಲದ ಕಾಲುವೆ ಇನ್ನೂ ಹರೀತಾವ, ತುಂಗಭದ್ರಾ ಹೊಳೆಯ ಆ ಕಡೆ ದಂಡೆಗೆ ತುರ್ತಾ ಕಾಲುವೆ, ಬಸವಣ್ಣ ಕಾಲುವೆ, ಕೆಳಗ ಕಂಪ್ಲಿ, ಸಿರುಗುಪ್ಪದವು. ಐನೂರು ವರ್ಷದ ಮ್ಯಾಲೆ ನೀರುಂಡ ನೆಲದಾಗ ಇವತ್ತೂ ಬಾಳೆ, ಕಬ್ಬು, ಭತ್ತ. ನಾನು ಅಲ್ಲಿ ದಂಡೆ ಮ್ಯಾಲೆ ನಿಂತು ನೋಡಿದ್ದು ಒಂದೇ: ಕಾಲುವೆ ಮ್ಯಾಲೆ, ಹೊಳೆ ಕೆಳಗ, ನಡುವೆ ಸಪೂರ ಗದ್ದೆ ಪಟ್ಟಿ, ಹೆಚ್ಚಾದ ನೀರು ತಾನೇ ಹೊಳೆಗೆ ಇಳೀತೈತಿ. ನಮ್ಮ ಹೊಲದ ನೀರಿಗೆ ಹಂಗ ಇಳಿಯೋ ಹೊಳೆ ಇಲ್ಲ, ಅದನ್ನ ನಾವು ನೆಲದೊಳಗ ಮಾಡಿಕೊಡಬೇಕು ಅಂತ ಅವತ್ತೇ ಗಟ್ಟಿ ಮಾಡಿದೆ. ಇನ್ನೂ ಹಿಂದಿನ ಮಾತು ಬೇಕಂದ್ರ ಬಳ್ಳಾರಿ ಹತ್ರದ ಕುಡತಿನಿ ಬೂದಿಗುಡ್ಡ ನೋಡ್ರಿ, ದನ ಕಟ್ಟಿದ ಮಂದಿ ಸಗಣಿ ಸುಟ್ಟು ಸುಟ್ಟು ಗುಡ್ಡ ಮಾಡಿದ್ದು, ನಾಲ್ಕು ಸಾವಿರ ವರ್ಷದ ಹಿಂದಿಂದು. ಅಲ್ಲೇ ಬಳ್ಳಾರಿ ಹತ್ರ ಸಂಗನಕಲ್ಲು ಕಡೆ ಆ ಕಾಲದವರು ಬೆಳೆದದ್ದು ಕೊರಲೆ, ಹುರುಳಿ, ಹೆಸರು, ಎಲ್ಲ ಮಳೆ ಮ್ಯಾಲೆ ಬರೋವು. ನಮ್ಮ ಈ ಎರೆ ನೆಲಕ್ಕ ನೀರು ನಿಲ್ಲಿಸಿ ರೂಢಿನೇ ಇಲ್ಲ, ನಾವು ಎಪ್ಪತ್ತು ವರ್ಷದಾಗ ನಿಲ್ಲಿಸಿದ್ದು.

ಪೈಪಿನ ವಿಷಯಕ್ಕ ಬರ್ತೀನಿ. 80 ಎಂಎಂ ತೂತಿನ ಸುರುಳಿ ಪೈಪ್, ಒಂದು ಮೀಟರಿನಷ್ಟು ಆಳ, ನೂರು ಮೀಟರಿಗೆ ಹತ್ತು-ಹದಿನೈದು ಸೆಂಟಿಮೀಟರ್ ಇಳಿಜಾರು. ಸಾಲಿನ ಅಂತರ ಐವತ್ತು ಮೀಟರ್ ಸಾಕು ಅಂದ್ರು, ನಾನು ಅರ್ಧ ಹೊಲಕ್ಕ ಐವತ್ತು, ಅರ್ಧಕ್ಕ ಮೂವತ್ತು ಹಾಕಿಸಿದೆ. ನಮ್ಮ ಗಟ್ಟಿ ಎರೆಗೆ ಮೂವತ್ತೇ ಸರಿ, ಐವತ್ತರ ಭಾಗ ಸರಿ ಹೋಗಾಕ ಎರಡು ಬೆಳೆ ಹೆಚ್ಚಿಗಿ ತಗೊಂತು. ಮೊದಲು ಹಾಕಿದ ಕಂಟ್ರಾಕ್ಟರ್ ಮಟ್ಟ ಸರಿಯಾಗಿ ಹಿಡೀಲಿಲ್ಲ, ಎರಡು ಸಾಲು ನಡುವೆ ತಗ್ಗಾಗಿ ರೇವೆ (ಹೂಳು) ತುಂಬಿ ಕಟ್ಟಿಕೊಂಡ್ವು, ಮತ್ತ ತೋಡಿಸಿ ಲೇಸರ್ ಲೆವೆಲ್ ಇಟ್ಟು ಹಾಕಿಸಬೇಕಾತು, ಅದರದ್ದೇ ಒಂದೂವರೆ ಲಕ್ಷದ ಹತ್ರ. ಪೈಪಿನ ಸುತ್ತ ಫಿಲ್ಟರ್ ಬಟ್ಟೆ ಅವರೇ ಸುತ್ತಿ ಕೊಡ್ತಾರ, ಅದರ ಮ್ಯಾಲೆ ನಾನು ಇನ್ನೊಂದು ಪದರ ಹಾಕೀನಿ, ಅದೇನು ಅಂತ ಇಲ್ಲಿ ಬರಿಯಂಗಿಲ್ಲ, ಹೊಲಕ್ಕ ಬಂದವರಿಗೆ ತೋರಿಸ್ತೀನಿ. ಯಾವ ಸಾಲು ಕಟ್ಟೈತಿ ಅಂತ ತೋಡದನೇ ಹಿಡಿಯೋ ರೀತಿನೂ ಹಂಗೇ. ಒಟ್ಟು ಎಕರೆಗೆ ಅರವತ್ತೈದು-ಎಪ್ಪತ್ತು ಸಾವಿರ ಬಿದ್ದೈತಿ, ಮತ್ತ ತೋಡಿಸಿದ್ದು ಬಿಟ್ಟು. ಸೊಸೈಟಿ ಸಾಲ ಅರ್ಧ, ಮನೆಯವರ ಬಂಗಾರ ಇಟ್ಟು ಅರ್ಧ, ಸಾಲದಿದ್ದದ್ದು ಅಂಗಡಿಯಾಗ ನೂರಕ್ಕ ಎರಡರ ಬಡ್ಡಿ.

ನೀರು ಬಿಡೋದು ಎಲ್ಲಿಗೆ ಅನ್ನೋದೇ ದೊಡ್ಡ ತಕರಾರು. ಪೈಪಿನ ಬಾಯಿ ಹಳ್ಳಕ್ಕಿಂತ ಮ್ಯಾಲೆ ಇರಬೇಕು, ಹಳ್ಳದ ರೇವೆ ತೆಗೆಸದ ಅದು ಆಗಂಗಿಲ್ಲ, ನಡುವೆ ಬ್ಯಾರೆಯವರ ಹೊಲ. ನಿಮ್ಮ ಉಪ್ಪು ನಮ್ಮ ಮ್ಯಾಲೆ ಯಾಕ ಅಂತ ಕೆಳಗಿನವರು ಕೇಳಿದ್ದು ನ್ಯಾಯದ ಮಾತೇ. ಅವರ ಎದುರಿಗೇ ಬಸಿದ ನೀರಿನ ಇಸಿ ತೋರಿಸ್ತಾ ಹೋದೆ, ಮೊದಲ ಹಂಗಾಮಿನಾಗ ಬಾಳ ಉಪ್ಪು, ಆಮೇಲಾಮೇಲೆ ಇಳೀತು, ಮುಂಗಾರಿನ ತುಂಬು ಹಳ್ಳದಾಗ ಕಲೆತ್ರ ತೊಂದರಿ ಇಲ್ಲ ಅಂತ ಅವರಿಗೂ ಗೊತ್ತಾತು.

ಪೈಪ್ ಹಾಕಿದ ಕೂಡಲೇ ಎಲ್ಲ ಸರಿ ಹೋಗಂಗಿಲ್ಲ. ಮೊದಲ ಸಲ ಮಡಿ ತುಂಬ ನೀರು ಕಟ್ಟೋದು, ಇಳಿಯಾಕ ಬಿಡೋದು, ಮತ್ತ ಕಟ್ಟೋದು. ಆಮೇಲೆ ಡಯಂಚ (ಹಸಿರು ಗೊಬ್ಬರದ ಬೆಳೆ) ಬಿತ್ತಿ ಹೂ ಬರೋಕೆ ಮುಂಚೆ ಮುಚ್ಚಿದೆ. ಮೊದಲ ಬೆಳೆ ಉಪ್ಪು ತಡಕೊಳ್ಳೋ ಭತ್ತದ ತಳಿ ಸಿಎಸ್ಆರ್ 36, ಇಪ್ಪತ್ತರ ಹತ್ರ ಚೀಲ ಬಂತು, ಮಿಲ್ಲಿನವರು ರೇಟ್ ಕಡಿಮಿ ಹಚ್ಚಿದ್ರು, ಆದ್ರ ಆ ಹೊಲದಾಗ ಇಪ್ಪತ್ತು ಚೀಲ ಕಂಡದ್ದೇ ನಮ್ಮಪ್ಪಾಜಿಗೆ ಹಬ್ಬ ಆಗಿತ್ತು. ಮರು ವರ್ಷ ಸಣ್ಣಕ್ಕಿ ತಳಿ ಬಿಪಿಟಿ 5204ಕ್ಕ ಹೋದೆ. ಇಸಿ ಈಗ ಮೂರು, ಮೂರೂವರೆ.

ಒಂದು ವಿಷಯ ಮಾತ್ರ ನಂದೇ ಕೆಲಸ ಅಂತ ಎದೆ ತಟ್ಟಿ ಹೇಳ್ತೀನಿ. ಪೈಪ್ ಹಗಲೂ ರಾತ್ರಿ ಬಿಟ್ರ ನೀರಿನ ಜೋಡಿ ಯೂರಿಯಾನೂ ಹಳ್ಳ ಸೇರ್ತೈತಿ. ಅದಕ್ಕ ಚೇಂಬರ್‌ನಾಗ ಪೈಪಿನ ಬಾಯಿಗೆ ಎಲ್ಬೋ (ಬಗ್ಗಿದ ತುಂಡು) ಹಾಕಿ ನಿಲ್ಲಿಸೀನಿ, ನಾಟಿ ಆದ ಮ್ಯಾಲೆ, ಗೊಬ್ಬರ ಹಾಕಿದಾಗ ಎತ್ತಿ ಮುಚ್ಚೋದು, ಕೊಯ್ಲಿಗೆ ಮುಂಚೆ ಇಳಿಸೋದು. ಎಕರೆಗೆ ಒಂದು ಚೀಲ ಯೂರಿಯಾ ಉಳಿದೈತಿ, ನೀರೂ ಉಳಿದೈತಿ. ಕಟ್ಟಿದಾಗ 133 ಟಿಎಂಸಿ ಹಿಡೀತಿದ್ದ ಡ್ಯಾಮು ಹೂಳು ತುಂಬಿ ಈಗ 105ರ ಆಸುಪಾಸು, ಎರಡನೇ ಬೆಳೆ ನೀರು ಪ್ರತಿ ವರ್ಷ ಡೌಟ್, ಬಿಟ್ಟ ನೀರನ್ನ ಹಳ್ಳಕ್ಕ ಹರಿಸಿದ್ರ ಹೆಂಗ.

ದಂಡೆ ಮ್ಯಾಲೆ ಹೊಂಗೆ, ಗಾಳಿಮರ ಹಚ್ಚಿ ನೋಡೀನಿ, ಗಿಡ ಬರ್ತಾವ, ತಳದ ನೀರು ಇಳಿಸೋ ಮಟ್ಟಕ್ಕ ಬರಾಕ ಬಾಳ ವರ್ಷ ಬೇಕು. ಸಿಂಧನೂರು ಕಡೆ ಸವಳು ಹೊಲದಾಗ ಮೀನಿನ ಹೊಂಡ ಮಾಡಾಕತ್ತಾರ, ರೊಕ್ಕ ಐತಿ ಅಂತಾರ, ನನಗೆ ಮಾತ್ರ ಭತ್ತದ ಹೊಲ ಹೊಂಡ ಆಗೋದು ಒಪ್ಪಿಗಿ ಇಲ್ಲ. ಒಂದು ಮೂಲ್ಯಾಗ ಕಾಲೆಕರೆ ಹಿಂಗಾರಿಗೆ ಬಿಳಿಜೋಳ ಬಿತ್ತಿದ್ದೆ, ಮುಂಚೆ ಅಲ್ಲಿ ಜಾಲಿ ಬಿಟ್ರ ಏನೂ ಬರ್ತಿರಲಿಲ್ಲ, ತೆನೆ ಚೊಲೋ ಕಟ್ಟೈತಿ, ಈ ಸಲ ಎಕರೆಗೆ ಏರಿಸ್ತೀನಿ.

ಕೆಳಗಿನ ಹೊಲದವರು ಈಗ ತಾವೂ ಹಾಕಸ್ತೀವಿ ಅಂತ ಬಂದಾರ, ಕಾಕಾನೂ ಅವರೊಳಗ ಒಬ್ರು. ಎಲ್ಲ ಸಾಲಿನ ನೀರು ಒಂದೇ ದೊಡ್ಡ ಪೈಪಿಗೆ ಕೂಡಿಸಿದ್ರ ಖರ್ಚು ಹಂಚಿ ಹೋಗ್ತೈತಿ, ಹಳ್ಳದ ರೇವೆನೂ ಒಮ್ಮೆಲೆ ತೆಗೆಸಬಹುದು. ಏಪ್ರಿಲ್‌ನಾಗ ಕಾಲುವೆ ಬಂದ್ ಆದ ಮ್ಯಾಲೆ ಕೆಲಸ ಶುರು, ಜೆಸಿಬಿಯವನಿಗೆ ಅಡ್ವಾನ್ಸ್ ಕೊಟ್ಟಾಗೈತಿ.