ಕಾರ್ಬನ್ ಕಿರಣ ಚಿಕಿತ್ಸೆಗೆ ಜಪಾನಿಗೆ: ಖರ್ಚಿನ ಹೊಣೆ ಹೊತ್ತವನ ಅನುಭವ

ಅಕ್ಕನ ಗಂಡನಿಗೆ ಬೆನ್ನೆಲುಬಿನ ಬುಡದ ಮೂಳೆಯಾದ ತ್ರಿಕಾಸ್ಥಿಯಲ್ಲಿ ಕೋರ್ಡೋಮಾ ಎಂಬ ಅಪರೂಪದ ಗೆಡ್ಡೆ ಇರುವುದು ಖಚಿತವಾಗಿ, ಶಸ್ತ್ರಚಿಕಿತ್ಸೆ ಮಾಡಿದರೆ ಮಲಮೂತ್ರದ ಹಿಡಿತವೇ ಹೋದೀತೆಂದು ವೈದ್ಯರು ಹೇಳಿದ ಮೇಲೆ, ಬದಿಯಡ್ಕದ ಸಮೀಪದ ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕಪತ್ರ ನೋಡಿ ನಿವೃತ್ತನಾದ ನನಗೆ ಹಣಕಾಸಿನ ಹೊಣೆ ಬಂತು. ಚಿಕಿತ್ಸೆಗೆ ಹೊರದೇಶಕ್ಕೆ ಹೋಗುವ ಇಂಥ ಪ್ರಯಾಣದ ಬಗ್ಗೆ ವಿಚಾರಿಸುವವರೆಲ್ಲ ಮೊದಲು ವಿಮಾನದ ಟಿಕೆಟಿನ ದರವನ್ನೇ ಕೇಳುತ್ತಾರೆ. ನಾನು ಬರೆದಿಟ್ಟ ಲೆಕ್ಕದಲ್ಲಿ ಟಿಕೆಟಿನದ್ದು ಸಣ್ಣ ಸಾಲು. ಆಸ್ಪತ್ರೆಯ ಶುಲ್ಕವನ್ನು ಬಿಟ್ಟರೆ ಖರ್ಚನ್ನು ಏರಿಸುವುದು ಅಲ್ಲಿ ಉಳಿಯಬೇಕಾದ ದಿನಗಳು.

ಹೊರದೇಶಕ್ಕೆ ಹೋಗಲೇಬೇಕೇ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಪ್ರೋಟಾನ್ ಎಂಬ ಹಗುರ ಕಣಗಳ ಕಿರಣವನ್ನು ಗೆಡ್ಡೆಗೆ ಗುರಿಯಿಟ್ಟು ಬಿಡುವ ಪ್ರೋಟಾನ್ ಚಿಕಿತ್ಸೆ ಸಾಕೆಂದಾದರೆ ಅದಕ್ಕೆ 2019ರಿಂದ ಚೆನ್ನೈಯಲ್ಲಿ ಅಪೋಲೊದ ಕೇಂದ್ರವಿದೆ, 2023ರಿಂದ ನವಿ ಮುಂಬೈಯ ಖಾರ್ಘರ್‌ನಲ್ಲಿ ಟಾಟಾ ಸ್ಮಾರಕದ ಕೇಂದ್ರವೂ ಇದೆ. ಕಾಸರಗೋಡಿನಲ್ಲಿ ಸಂಜೆ ರೈಲು ಹತ್ತಿದರೆ ಬೆಳಗ್ಗೆ ಚೆನ್ನೈ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ರೈಲ್ವೆ ಪೂರ್ತಿ ರಿಯಾಯಿತಿ ಕೊಡುತ್ತದೆ, ಜೊತೆಗಿರುವವರಿಗೆ ಮುಕ್ಕಾಲು ಪಾಲು. ಆದರೆ ಅದಕ್ಕಿಂತ ಭಾರವಾದ ಕಾರ್ಬನ್ ಅಯಾನಿನ, ಎಂದರೆ ವಿದ್ಯುದಂಶವಿರುವ ಕಾರ್ಬನ್ ಕಣಗಳ, ಕಿರಣ ಬಿಡುವ ಯಂತ್ರ ನಮ್ಮ ದೇಶದಲ್ಲಿಲ್ಲ. ಚಿಕಿತ್ಸೆಗೆಂದೇ ಕಟ್ಟಿದ ಜಗತ್ತಿನ ಮೊದಲ ಭಾರ ಅಯಾನು ವೇಗವರ್ಧಕದಲ್ಲಿ (ಇಂಥ ಕಣಗಳಿಗೆ ವೇಗ ಕೊಡುವ ಯಂತ್ರ) ಜಪಾನಿನ ಚಿಬಾ ನಗರದಲ್ಲಿ 1994ರಲ್ಲೇ ರೋಗಿಗಳಿಗೆ ಚಿಕಿತ್ಸೆ ಆರಂಭವಾಗಿತ್ತು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 2009ರಿಂದ ನಡೆಯುತ್ತಿದೆ. ಇಬ್ಬರು ವೈದ್ಯರು ಪ್ರತ್ಯೇಕವಾಗಿ ನೋಡಿ, ಈ ಗೆಡ್ಡೆಯ ಗಾತ್ರಕ್ಕೆ ಕಾರ್ಬನ್ನೇ ಲೇಸೆಂದು ಹೇಳಿದ ಕಾರಣ ನಾವು ಜಪಾನನ್ನು ಆರಿಸಿಕೊಂಡೆವು. ಎರಡೂ ಒಂದೇ ಎಂದಿದ್ದರೆ ನಾನಂತೂ ಚೆನ್ನೈಯನ್ನೇ ಹಿಡಿಯುತ್ತಿದ್ದೆ.

ಆಸ್ಪತ್ರೆಯ ಖರ್ಚಿನ ಅಂದಾಜು ಪಟ್ಟಿ ಕೈಗೆ ಬಂದಾಗ ಅದನ್ನು ಸಾಲು ಸಾಲಾಗಿ ಬಿಡಿಸಿ ನೋಡಿದೆ. ಶಸ್ತ್ರಚಿಕಿತ್ಸೆಗೆ ಒಗ್ಗದ ಇಂಥ ಗೆಡ್ಡೆಗಳಿಗೆ ಜಪಾನಿನ ರಾಷ್ಟ್ರೀಯ ವಿಮೆ 2016ರಿಂದ ಹಣ ಭರಿಸುತ್ತದೆ. ವಿಮೆಗೆ ಒಳಪಡದ ಕಾಯಿಲೆಗಳಿಗೆ ಅಲ್ಲಿನವರೇ ಕಾರ್ಬನ್ ಚಿಕಿತ್ಸೆಯೊಂದಕ್ಕೇ ಸುಮಾರು 31 ಲಕ್ಷ ಯೆನ್ ಕೊಡುತ್ತಿದ್ದರು. ಚಿಕಿತ್ಸೆಗೆಂದು ಹೋಗುವ ವಿದೇಶಿಯರಿಗೆ ವಿಮೆಯ ಆಸರೆ ಇಲ್ಲ, ದರವೂ ಹೆಚ್ಚು. ಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ದುಭಾಷಿಯ ಶುಲ್ಕ ಗಂಟೆಯ ಲೆಕ್ಕದಲ್ಲಿತ್ತು, ವರದಿಗಳ ಅನುವಾದ ಪುಟದ ಲೆಕ್ಕದಲ್ಲಿತ್ತು. ಹಳೆಯ ವರದಿಗಳನ್ನೆಲ್ಲ ಕಟ್ಟಿ ಕಳುಹಿಸದೆ ಎಂಆರ್‌ಐ ಸಿಡಿ, ಬಯಾಪ್ಸಿ ವರದಿ, ಸ್ಲೈಡುಗಳು ಮತ್ತು ವೈದ್ಯರ ಒಂದೂವರೆ ಪುಟದ ಸಾರಾಂಶವನ್ನಷ್ಟೇ ಕಳುಹಿಸಿದ್ದರಿಂದ ಅನುವಾದದ ಖರ್ಚು ಕಡಿಮೆಯಾಯಿತು.

ಕಾರ್ಬನ್ ಚಿಕಿತ್ಸೆಯಲ್ಲಿ ಸಿಟ್ಟಿಂಗ್, ಎಂದರೆ ಕಿರಣ ಕೊಡುವ ಸರದಿ, ಕಡಿಮೆ ಎಂಬುದೇ ಲೆಕ್ಕದ ದೃಷ್ಟಿಯಿಂದ ದೊಡ್ಡ ಅನುಕೂಲ. ಭಾವನಿಗೆ ವಾರಕ್ಕೆ ನಾಲ್ಕರಂತೆ ಹದಿನಾರು ಸಿಟ್ಟಿಂಗ್ ಇತ್ತು. ಅದಕ್ಕೆ ಮೊದಲು ದೇಹದ ಅಚ್ಚು ತೆಗೆದು, ಸಿಟಿ ಮಾಡಿ, ಕಿರಣದ ಯೋಜನೆ ಸಿದ್ಧಪಡಿಸುವ ದಿನಗಳಿದ್ದವು. ಕಿರಣ ಬೀಳುವುದು ಕೆಲವೇ ನಿಮಿಷ, ಉಳಿದ ಹೊತ್ತೆಲ್ಲ ಅಚ್ಚಿನಲ್ಲಿ ಮಲಗಿಸಿ ಸ್ಥಾನ ಸರಿಪಡಿಸುವುದಕ್ಕೆ. ಇದೆಲ್ಲ ಹೆಚ್ಚಾಗಿ ಹೊರರೋಗಿಯಾಗಿಯೇ ನಡೆದುದರಿಂದ ಆಸ್ಪತ್ರೆಯ ಹಾಸಿಗೆಯ ಬದಲು ಅಡುಗೆ ಒಲೆ ಇರುವ ಬಾಡಿಗೆ ಕೋಣೆ ಹಿಡಿದೆವು. ಅಕ್ಕ ಊರಿನಿಂದ ಕುಚ್ಚಲಕ್ಕಿ, ಹುಳಿಪುಡಿ, ಸಣ್ಣ ಕುಕ್ಕರ್ ಒಯ್ದಿದ್ದಳು. ಸಸ್ಯಾಹಾರಿಗಳಿಗೆ ಹೋಟೆಲಿನ ಊಟ ದುಬಾರಿ ಮಾತ್ರವಲ್ಲ, ಸಾರಿನಲ್ಲಿ ಮೀನು ಇಲ್ಲವೆಂದು ನಂಬುವುದೂ ಕಷ್ಟ.

ಹಣ ಕಳುಹಿಸುವ ವಿಷಯದಲ್ಲಿ ತುಸು ಜಾಣತನ ಬೇಕು. ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಡಿ ಹೊರದೇಶಕ್ಕೆ ಹಣ ಕಳುಹಿಸುವಾಗ, ಚಿಕಿತ್ಸೆಗಾದರೆ ಮಿತಿ ಮೀರಿದ ಮೊತ್ತದ ಮೇಲೆ ಶೇಕಡಾ 5ರಷ್ಟು ಟಿಸಿಎಸ್ (ಬ್ಯಾಂಕು ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಹಿಡಿಯುತ್ತಿದ್ದರು. ಆ ಮಿತಿ 2025ರ ಮಾರ್ಚ್‌ವರೆಗೆ 7 ಲಕ್ಷ, ಏಪ್ರಿಲ್‌ನಿಂದ 10 ಲಕ್ಷ ರೂಪಾಯಿ. ಅದು ಪ್ರತಿ ಪಾನ್‌ಗೆ, ಪ್ರತಿ ಹಣಕಾಸು ವರ್ಷಕ್ಕೆ ಲೆಕ್ಕವಾಗುವುದರಿಂದ ಮುಂಗಡವನ್ನು ಮಾರ್ಚ್‌ನಲ್ಲೂ ಉಳಿದುದನ್ನು ಏಪ್ರಿಲ್‌ನಲ್ಲೂ ಕಳುಹಿಸಿದೆವು. ಹಾಗಿದ್ದೂ ಸ್ವಲ್ಪ ಮೊತ್ತ ಟಿಸಿಎಸ್ ಆಗಿ ಹೋಯಿತು. ಅಡಿಕೆ ಕೃಷಿಯ ಆದಾಯಕ್ಕೆ ತೆರಿಗೆ ಇಲ್ಲವೆಂದು ನಮ್ಮಲ್ಲಿ ಹೆಚ್ಚಿನವರು ರಿಟರ್ನ್ ಸಲ್ಲಿಸುವುದೇ ಇಲ್ಲ. ಆದರೆ ರಿಟರ್ನ್ ಹಾಕದೆ ಈ ಹಣ ಹಿಂದಿರುಗಿ ಬಾರದು. ಬ್ಯಾಂಕು ಮೊದಲು ಹೇಳಿದ ಯೆನ್ ದರವನ್ನು ಒಪ್ಪದೆ ಇನ್ನೆರಡು ಕಡೆ ವಿಚಾರಿಸಿದ್ದರಿಂದ ಉಳಿದ ಹಣ, ಎಲ್ಲರೂ ದರ ಕೇಳುವ ಆ ವಿಮಾನದ ಟಿಕೆಟಿನಲ್ಲಿ ಸಿಗುವ ರಿಯಾಯಿತಿಗಿಂತ ಹೆಚ್ಚು.

ವೀಸಾದ ವಿಷಯದಲ್ಲಿ ಗಡಿನಾಡಿನವರ ಪಾಡು ಬೇರೆ. ಮಂಗಳೂರು ಒಂದೂವರೆ ಗಂಟೆಯ ದಾರಿಯಾದರೂ ನಾವು ಕೇರಳದವರಾದ್ದರಿಂದ ಅರ್ಜಿ ಕೊಚ್ಚಿಯ ಮೂಲಕ ಚೆನ್ನೈಯ ದೂತಾವಾಸಕ್ಕೇ ಹೋಗಬೇಕು. ಜಪಾನಿನ ವೈದ್ಯಕೀಯ ವೀಸಾಕ್ಕೆ ಅಲ್ಲಿ ನೋಂದಾಯಿತವಾದ ಸಂಸ್ಥೆಯೊಂದು ಜಾಮೀನು ನಿಲ್ಲಬೇಕು, ಅದರ ಶುಲ್ಕವೂ ಪ್ರತ್ಯೇಕ. ಮಲಯಾಳದಲ್ಲಿರುವ ಭೂತೆರಿಗೆ ರಶೀದಿಯನ್ನು ಇಂಗ್ಲಿಷಿಗೆ ಮಾಡಿಸಿ ನೋಟರಿ ಸಹಿ ಹಾಕಿಸಿದ್ದೂ ಅದೇ ಲೆಕ್ಕಕ್ಕೆ ಸೇರಿತು.

ಊರಿನ ಖರ್ಚನ್ನೂ ಪುಸ್ತಕದಲ್ಲಿ ಬರೆದೆ. ಮಳೆಗೆ ಮೊದಲು ಅಡಿಕೆಗೆ ಮದ್ದು ಬಿಡುವ ಹೊತ್ತಿಗೆ ಮನೆಯ ಯಜಮಾನ ಇಲ್ಲದಿದ್ದರಿಂದ ಹೆಚ್ಚು ಕೂಲಿಗೆ ಜನ ಮಾಡಬೇಕಾಯಿತು. ಮಾಮೂಲಿ ಆರೋಗ್ಯ ವಿಮೆ ಭಾರತದ ಹೊರಗಿನ ಚಿಕಿತ್ಸೆಗೆ ಸಲ್ಲುವುದಿಲ್ಲ. ಪ್ರವಾಸ ವಿಮೆ ಚಿಕಿತ್ಸೆಗೆಂದೇ ಹೋದವರ ಆ ಕಾಯಿಲೆಯ ಖರ್ಚನ್ನು ಕೊಡುವುದಿಲ್ಲ.

ಮುಂದಿನ ತಪಾಸಣೆಗಳಿಗೆ ಮತ್ತೆ ಜಪಾನಿಗೆ ಹೋಗುವ ಅಗತ್ಯವಿಲ್ಲವೆಂಬುದನ್ನು ಹೊರಡುವ ಮೊದಲೇ ಬರಹದಲ್ಲಿ ಪಡೆದಿದ್ದೆವು. ಎಂಆರ್‌ಐಯನ್ನು ಮಂಗಳೂರಿನಲ್ಲಿ ಮಾಡಿಸಿ ಚಿತ್ರಗಳನ್ನು ಕಳುಹಿಸುತ್ತೇವೆ. ಅಲ್ಲಿನ ವೈದ್ಯರು ಓದಿ ಕೊಡುವ ಅಭಿಪ್ರಾಯಕ್ಕೆ ಪ್ರತಿ ಸಲ ಶುಲ್ಕ ಎಷ್ಟೆಂಬುದೂ ಅದೇ ಪತ್ರದಲ್ಲಿದೆ.