ನನ್ನ ಪಿಎಸ್2 ಎರಡು ಸಲ ಸತ್ತ ಕಥೆ

"ಬೋರ್ಡ್ ಹೋಗಿದೆ ಸರ್, ಹೊಸದು ತಗೊಳ್ಳಿ."

2011ರಲ್ಲಿ ರಿಪೇರಿ ಅಂಗಡಿಯವರು ನನ್ನ ಪ್ಲೇಸ್ಟೇಷನ್ 2 (ಪಿಎಸ್2, ಟಿವಿಗೆ ಜೋಡಿಸಿ ಆಡುವ ಸೋನಿಯ ಗೇಮ್ ಕನ್ಸೋಲ್) ನೋಡಿ ಹೇಳಿದ್ದು ಇಷ್ಟೇ. ಬಿಚ್ಚಿ ನೋಡಿದ್ದರೋ ಇಲ್ಲವೋ ಗೊತ್ತಿಲ್ಲ. ನಾನು ನಂಬಿದೆ. ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ.

ಅದು ಅಟ್ಟದಲ್ಲಿ ಮಲಗಿದ್ದಾಗ ಹೊರಗೆ ಅದರ ಕುಲಕ್ಕೇ ಒಂದೊಂದಾಗಿ ತಿಥಿ ನಡೆಯಿತು. 2000ದ ಮಾರ್ಚ್‌ನಲ್ಲಿ ಜಪಾನಿನಲ್ಲಿ ಹುಟ್ಟಿದ ಈ ಕನ್ಸೋಲ್ ಇನ್ನು ತಯಾರಾಗುವುದಿಲ್ಲ ಎಂಬ ಸುದ್ದಿ 2013ರ ಜನವರಿಯಲ್ಲಿ ಬಂತು. ಆದರೂ ಅದೇ ವರ್ಷ ಫಿಫಾ 14 ಅನ್ನೋ ಫುಟ್ಬಾಲ್ ಆಟ ಇದಕ್ಕೂ ಬಿಡುಗಡೆಯಾಯಿತು! 2016ರ ಮಾರ್ಚ್‌ನಲ್ಲಿ ಆನ್‌ಲೈನ್‌ನಲ್ಲೇ ಆಡುವ ಫೈನಲ್ ಫ್ಯಾಂಟಸಿ 11 ಆಟದ ಪಿಎಸ್2 ಸೇವೆ ನಿಂತಿತು. 2018ರಲ್ಲಿ ಜಪಾನಿನಲ್ಲಿ ಸೋನಿ ಇದರ ರಿಪೇರಿಯನ್ನೂ ಕೈಬಿಟ್ಟಿತು.

ಸರ್ವರ್ ಮುಚ್ಚಿದರೆ ಆ ಒಂದು ಆಟ ನಿಜವಾಗಿಯೂ ಹೋಗುತ್ತದೆ, ಒಪ್ಪುತ್ತೇನೆ. ಉಳಿದದ್ದನ್ನು ಸಾವು ಅನ್ನಲು ನನಗೆ ಮನಸ್ಸಿಲ್ಲ. ಎಚ್‌ಎಂಟಿ ವಾಚ್ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಅಪ್ಪನ ಕೈಯಲ್ಲಿರುವುದು ದಿನಾ ಬೆಳಿಗ್ಗೆ ಕೀಲಿ ತಿರುಗಿಸಿದರೆ ಈಗಲೂ ಓಡುತ್ತದೆ.

2019ರಲ್ಲಿ ಮನೆ ಬದಲಾಯಿಸುವಾಗ ಗಂಟು ಅಟ್ಟದಿಂದ ಇಳಿಯಿತು. "ಗುಜರಿಗೆ ಹಾಕಿ ಸುಮ್ನಿರಿ" ಅಂದಳು ಹೆಂಡತಿ. ಹಾಕುವ ಮುಂಚೆ ಒಂದು ಸಲ ನೋಡೋಣ ಅಂತ ಪ್ಲಗ್ ಸಿಕ್ಕಿಸಿದೆ. ಕೆಂಪು ದೀಪ ಹತ್ತಿತು. ಬಟನ್ ಒತ್ತಿದರೆ ಹಸಿರಾಯಿತು, ಮೆನು ಬಂತು. ಬೆಳ್ಳಿ ತಳದ ಡಿಸ್ಕ್ ಹಾಕಿದರೆ ಒಳಗೆ ಕಟಕಟ ಸದ್ದು, ಆಮೇಲೆ ಡಿಸ್ಕ್ ಓದಲಾಗದಿದ್ದಾಗ ಬರುವ ಕೆಂಪು ಪರದೆ. ಆದರೆ ನೀಲಿ ತಳದ ಒಂದು ಹಳೇ ಡಿಸ್ಕ್ ಆರಾಮಾಗಿ ಓಡಿಬಿಟ್ಟಿತು.

ಗುಟ್ಟು ಇರುವುದು ಇಲ್ಲೇ. ಪಿಎಸ್2ರ ನೀಲಿ ತಳದ ಆಟಗಳು ಸಿಡಿ, ಬೆಳ್ಳಿಯವು ಡಿವಿಡಿ. ಸಿಡಿ ಓದುವ ಲೇಸರ್ 780 ನ್ಯಾನೋಮೀಟರ್ ತರಂಗಾಂತರದ್ದು, ಡಿವಿಡಿಗೆ 650ರದು. ಒಂದೇ ಲೆನ್ಸ್ ಜೋಡಣೆಯಲ್ಲಿ ಎರಡೂ ಇರುತ್ತವೆ. ಒಂದು ಮಂಕಾಗಿ ಇನ್ನೊಂದು ಚೆನ್ನಾಗಿರಬಹುದು. ಬೋರ್ಡೇ ಹೋಗಿದ್ದರೆ ಸಿಡಿಯೂ ಓಡಬಾರದಿತ್ತು, ಅಲ್ವಾ? ಎಂಟು ವರ್ಷ ಅಟ್ಟದಲ್ಲಿ ಸುಮ್ನೆ ಮಲಗಿಸಿದ್ದೆ.

ಪೇಪರ್ ಹಾಸಿಕೊಂಡು ಕೂತೆ. ನನ್ನದು ಹಳೇ ದಪ್ಪ ಮಾಡೆಲ್. ತಳದ ರಬ್ಬರ್ ಮುಚ್ಚಳಗಳ ಅಡಿಯಲ್ಲಿ ಸ್ಕ್ರೂಗಳಿವೆ. ಬಿಚ್ಚಿದ ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಕುಳಿಗಳಲ್ಲಿ ಬಿಚ್ಚಿದ ಕ್ರಮದಲ್ಲೇ ಇಟ್ಟೆ. ಇದಕ್ಕಿಂತ ಒಳ್ಳೇ ಉಪಕರಣ ನಾನು ಕಂಡಿಲ್ಲ. ಮೇಲಿನ ಕವರ್ ಎತ್ತುವಾಗ ಪವರ್ ಬಟನ್ನಿನ ತೆಳು ಪಟ್ಟಿ ಕೇಬಲ್ ಜೊತೆಗೇ ಎದ್ದು ಬರುತ್ತದೆ, ಜೋರಾಗಿ ಎಳೆದರೆ ಕಿತ್ತೇ ಹೋಗುತ್ತದೆ. ಒಳಗೆ ಲೆನ್ಸ್ ಓಡಾಡುವ ಕಂಬಿಗಳ ಮೇಲೆ ಗ್ರೀಸ್ ಗಟ್ಟಿಯಾಗಿ ಅಂಟಾಗಿತ್ತು. ಒರೆಸಿ ಹೊಸದು ಸವರಿದೆ. ಲೆನ್ಸನ್ನು ಇಯರ್‌ಬಡ್ಡಿಗೆ ಸ್ಪಿರಿಟ್ ಹಾಕಿ ಮೆಲ್ಲಗೆ ಒರೆಸಿದೆ. ಸದ್ದು ಕಡಿಮೆಯಾಯಿತು, ಡಿವಿಡಿ ಮಾತ್ರ ಓದಲಿಲ್ಲ.

ಹೊಸ ಲೆನ್ಸ್ ತರಿಸಿ ಹಾಕಿದೆ. ಈಗ ಸಿಡಿಯೂ ಓದಲಿಲ್ಲ! ಇದ್ದ ಜೀವವನ್ನೂ ನಾನೇ ತೆಗೆದೆ ಅಂದುಕೊಂಡೆ. ಎರಡನೇ ಸಾವು. ಒಂದು ವಾರ ಅದರ ಮುಖ ನೋಡಲಿಲ್ಲ.

ಆಮೇಲೆ ಹಳೇ ಲೆನ್ಸನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಹೊಸದರ ಪುಟ್ಟ ಬೋರ್ಡಿನ ಮೇಲೆ ಸಾಸಿವೆ ಕಾಳಿನಷ್ಟು ಸೋಲ್ಡರ್ (ಬೆಸುಗೆ ಲೋಹ) ಇತ್ತು, ಹಳೆಯದರಲ್ಲಿ ಇರಲಿಲ್ಲ. ನಮ್ಮ ಕೈ ತಾಗಿದಾಗ ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟಿಗೆ ಲೇಸರ್ ಸುಡಬಾರದು ಅಂತ ಕಾರ್ಖಾನೆಯಲ್ಲೇ ಎರಡು ಬಿಂದುಗಳನ್ನು ಹಾಗೆ ಕೂಡಿಸಿ ಕಳಿಸುತ್ತಾರೆ. ಅದನ್ನು ಬಿಡಿಸುವ ತನಕ ಲೇಸರ್ ಹತ್ತುವುದೇ ಇಲ್ಲ. ಪಟ್ಟಿ ಕೇಬಲ್ ಸಿಕ್ಕಿಸಿದ ಮೇಲೆ ಕಾದ ಸೋಲ್ಡರಿಂಗ್ ಐರನ್ ಎರಡು ಸೆಕೆಂಡ್ ಮುಟ್ಟಿಸಿ ಸೋಲ್ಡರನ್ನು ಎಳೆದುಕೊಂಡೆ. ಬೆಳ್ಳಿ ಡಿಸ್ಕ್ ಹಾಕಿದೆ. ಓಡಿತು.

ಅವತ್ತಿನಿಂದ ನಾನು ಮನೆಮಂದಿಗೆಲ್ಲ ಕನ್ಸೋಲ್ ಡಾಕ್ಟರ್. ಚಿಕ್ಕಪ್ಪನ ಮಗ ಅಮೆರಿಕದಿಂದ ತಂದಿದ್ದ ಪಿಎಸ್2 ನನ್ನ ಹತ್ತಿರ ಬಂತು. ಅದು 120 ವೋಲ್ಟಿನದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230ಕ್ಕೆ ಸಿಕ್ಕಿಸಿದ್ದ, ಢಬ್ ಅಂದಿತ್ತು. ಪವರ್ ಬೋರ್ಡ್ ಬದಲಿಸಿದೆ, ದೀಪ ಹತ್ತಲಿಲ್ಲ. ಮುಖ್ಯ ಬೋರ್ಡಿನ ಸಣ್ಣ ಫ್ಯೂಸುಗಳನ್ನು ಮಲ್ಟಿಮೀಟರಿನಲ್ಲಿ ಒಂದೊಂದಾಗಿ ಮುಟ್ಟಿದೆ, ಎಲ್ಲವೂ ಬೀಪ್ ಅಂದವು, ಯಾವುದೂ ಸುಟ್ಟಿರಲಿಲ್ಲ. ಅಂದರೆ ಏಟು ಅದರಾಚೆಗೆ ಬಿದ್ದಿತ್ತು. ಎಮೋಷನ್ ಎಂಜಿನ್‌ (ಪಿಎಸ್2ರ ಮುಖ್ಯ ಪ್ರೊಸೆಸರ್) ನಂಥ ದೊಡ್ಡ ಚಿಪ್ ಸುಟ್ಟರೆ ಹೊಸದು ಎಲ್ಲಿಂದ ತರೋದು? ಎರಡು ತಿಂಗಳು ಹಾಗೇ ಇಟ್ಟುಕೊಂಡೆ. ಒಂದು ಭಾನುವಾರ ಅದರ ಫ್ಯಾನ್ ಕಿತ್ತು ನನ್ನದಕ್ಕೆ ಹಾಕಿದೆ. ನನ್ನ ಲೆಕ್ಕದಲ್ಲಿ ಅದು ಸತ್ತಿದ್ದು ಆ ಭಾನುವಾರ, ಢಬ್ ಅಂದ ದಿನ ಅಲ್ಲ. ಆ ತಮ್ಮನಿಗೆ ಫೋನ್ ಮಾಡಿ ಹೇಳಿದೆ. "ಹೋಗಲಿ ಬಿಡಣ್ಣ, ಕಂಟ್ರೋಲರ್ ಆದ್ರೂ ಇಟ್ಕೋ" ಅಂದ.

ಇನ್ನೊಂದು ತೊಡಕು ಟಿವಿಯದು. ಹೊಸ ಟಿವಿಗೆ ಹಳದಿ-ಕೆಂಪು-ಬಿಳಿ ಪಿನ್ನುಗಳ ತೂತೇ ಇಲ್ಲ. ಗುಜರಿಗೆ ಹಾಕು ಅಂದಿದ್ದ ಹೆಂಡತಿಯ ಜೊತೆ ಗುಜರಿ ಅಂಗಡಿಗೇ ಹೋಗಿ 21 ಇಂಚಿನ ಡಬ್ಬಾ ಟಿವಿ ತಂದೆ. ಅವಳು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಈಗ ಆನ್ ಮಾಡಿದರೆ ನೀಲಿ ಮಂಜಿನ ನಡುವೆ ಕಂಬಗಳು ಏಳುತ್ತವೆ. ಯಾವ ಆಟ ಎಷ್ಟು ಸಲ ಆಡಿದ್ದೀವಿ ಅನ್ನೋ ಲೆಕ್ಕ 8 ಎಂಬಿ ಮೆಮೊರಿ ಕಾರ್ಡಿನಲ್ಲಿರುತ್ತದೆ, ಅದೇ ಈ ಕಂಬಗಳು. ಜಾಸ್ತಿ ಆಡಿದ ಆಟದ್ದು ಎತ್ತರದ ಕಂಬ. 2011ಕ್ಕೆ ಮೊದಲಿನವೆಲ್ಲ ಹಾಗೇ ನಿಂತಿವೆ. ಎಲ್ಲಕ್ಕಿಂತ ಎತ್ತರದ್ದು ಕ್ರಿಕೆಟ್ಟಿನದು ಅಂತ ನಾನು. ಕಾರ್ ರೇಸಿನದು ಅಂತ ಅಣ್ಣ.