ಸ್ಲೋ ಕುಕ್ಕರ್‌ನಲ್ಲಿ ಚಿಕನ್ ಬ್ರೆಸ್ಟ್ ನಾರಾಗಬಾರದಾ?

ಹೊತ್ತು ಜಾಸ್ತಿಯಾದಷ್ಟೂ ಮೆತ್ತಗಾಗುತ್ತದೆ ಅನ್ನೋದು ಮಟನ್‌ಗೆ ಸರಿ, ಚಿಕನ್ ಬ್ರೆಸ್ಟ್‌ಗೆ ಅಲ್ಲ. ಇದರಲ್ಲಿ ಕೊಬ್ಬು ತೀರಾ ಕಡಿಮೆ. ಬೆಳಿಗ್ಗೆ ಹಾಕಿ ಆಫೀಸಿಗೆ ಹೋದರೆ ಸಂಜೆಗೆ ಒಣಕಲಾಗಿರುತ್ತದೆ, ಗ್ರೇವಿ ಎಷ್ಟೇ ಇರಲಿ. ಇಡೀ ದಿನ ಬಿಡಬೇಕಿದ್ದರೆ ಲೆಗ್ ಪೀಸ್ ಹಾಕಿ.

ಬ್ರೆಸ್ಟ್ ಕತ್ತರಿಸದೆ ಇಡಿಯಾಗಿ ಹಾಕಿ, ಕುಕ್ಕರ್ ಅನ್ನು 'ಲೋ' (ಕಡಿಮೆ ಬಿಸಿ) ಸೆಟ್ಟಿಂಗ್‌ನಲ್ಲಿಡಿ. ಎರಡೂವರೆ ಗಂಟೆ ಆದ ಮೇಲೆ ಒಮ್ಮೆ ನೋಡಿ. ಥರ್ಮಾಮೀಟರ್ ಇದ್ದರೆ ದಪ್ಪ ಭಾಗಕ್ಕೆ ಚುಚ್ಚಿ, 74 ಡಿಗ್ರಿ ಸೆಲ್ಸಿಯಸ್ ಬಂದ ಕೂಡಲೇ ತೆಗೆಯಿರಿ. ಎರಡೂವರೆ ಗಂಟೆಗೂ ಮುಂಚೆ ಸುಮ್ನೆ ಮುಚ್ಚಳ ತೆಗೆದು ಇಣುಕಬೇಡಿ. ಹಬೆ ಹೋದರೆ ಮತ್ತೆ ಬಿಸಿಯೇರೋಕೆ ತುಂಬಾ ಹೊತ್ತು ಬೇಕು.

ಫ್ರೀಜರ್‌ನಿಂದ ತೆಗೆದದ್ದನ್ನು ಹಾಗೇ ಹಾಕಲೇಬೇಡಿ. ನಿಧಾನಕ್ಕೆ ಬಿಸಿಯಾಗುವಷ್ಟರಲ್ಲಿ ಬ್ಯಾಕ್ಟೀರಿಯಾ ಬೆಳೆಯಬಹುದು. ಹಿಂದಿನ ರಾತ್ರಿಯೇ ಫ್ರಿಜ್‌ಗೆ ಇಳಿಸಿಡಿ.

ನಮ್ಮ ಮಸಾಲೆಯಾದರೆ ಈರುಳ್ಳಿ, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಎರಡನ್ನೂ ಬಾಣಲೆಯಲ್ಲಿ ಹಸಿ ವಾಸನೆ ಹೋಗುವವರೆಗೆ ಹುರಿದೇ ಹಾಕಬೇಕು. ಸ್ಲೋ ಕುಕ್ಕರ್ ಬೇಯಿಸುತ್ತದೆ, ಹುರಿಯಲ್ಲ ಅಲ್ವಾ? ನೀರು ಅರ್ಧ ಲೋಟ ಸಾಕು, ಚಿಕನ್ನೇ ನೀರು ಬಿಡುತ್ತದೆ. ತೆಂಗಿನ ಹಾಲು, ಮೊಸರು ಏನಿದ್ದರೂ ಕೊನೆಯ 15 ನಿಮಿಷಕ್ಕೆ ಸೇರಿಸಿ, ಮೊದಲೇ ಹಾಕಿದರೆ ಒಡೆಯುತ್ತದೆ.